ಏಳನೇ ಹಾಸಿಗೆಯ ಪುಟ

ಮನೆ, ಅಡುಗೆಮನೆಯ ಮೇಜು
ಭಾನುವಾರ, ಹನ್ನೊಂದನೇ ತಾರೀಕು, ಮಧ್ಯಾಹ್ನ

ಪ್ರೀತಿಯ ಅತ್ತೆಗೆ,

ಹೇಗಿದ್ದೀರಿ? ಮೆಟ್ಟಿಲು ಹತ್ತುವಾಗ ಏದುಸಿರು ಕಡಿಮೆಯಾಯಿತೇ? ಪಾದದ ಊತ ಇಳಿಯಿತೇ? ಮಲಗುವಾಗ ಎರಡು ದಿಂಬು ಇಟ್ಟುಕೊಳ್ಳುತ್ತಿದ್ದೀರಿ ತಾನೆ? "ನಾನು ಗುಂಡುಕಲ್ಲಿನ ಹಾಗಿದೀನಿ" ಎಂಬ ಉತ್ತರ ನನಗೆ ಬೇಡ. ಗುಂಡುಕಲ್ಲಿಗೆ ಯಾರೂ ಹೃದಯದ ಆಪರೇಷನ್ ಮಾಡುವುದಿಲ್ಲ. ಇಪ್ಪತ್ತನೇ ತಾರೀಕಿಗೆ ಇನ್ನು ಒಂಬತ್ತು ದಿನ, ಅಲ್ಲಿಯವರೆಗೆ ಮಗಳ ಮನೆಯಲ್ಲಿ ಸುಮ್ಮನೆ ಕೂತು ಸೇವೆ ಮಾಡಿಸಿಕೊಳ್ಳಿ. ಪುಟ್ಟಿ ನಿಮ್ಮ ಹಾಸಿಗೆಯನ್ನು ಪೂರ್ತಿ ಆಕ್ರಮಿಸಿದ್ದಾಳೆ, ಅಜ್ಜಿ ಬಂದರೆ ಬಾಡಿಗೆ ಕೊಡಬೇಕಂತೆ. ಫೋನು ಬಿಟ್ಟು ಕಾಗದ ಯಾಕೆ ಎಂದು ಕೇಳುತ್ತೀರಿ. ಫೋನಿನಲ್ಲಾದರೆ ನೀವು ಸ್ಪೀಕರ್ ಹಾಕುತ್ತೀರಿ, ನಿಮ್ಮ ಮಗಳ ಮನೆಗಷ್ಟೇ ಅಲ್ಲ, ಪಕ್ಕದ ಮನೆಗೂ ಸುದ್ದಿ ತಲುಪುತ್ತದೆ. ಇದು ನೀವೊಬ್ಬರೇ ಓದಬೇಕಾದ ಕಾಗದ.

ನಾಳೆ ಹನ್ನೊಂದು ಗಂಟೆಗೆ ನನ್ನನ್ನು ಆಸ್ಪತ್ರೆಯ ವಿಚಾರಣಾ ಸಮಿತಿಯ ಮುಂದೆ ನಿಲ್ಲಿಸುತ್ತಾರೆ. ಸುಳ್ಳು ದಾಖಲೆ ಸೃಷ್ಟಿಸಿದ್ದೇನೆ ಎಂಬುದು ಆರೋಪ. ಗಾಬರಿಯಾಗಬೇಡಿ, ಪೂರ್ತಿ ಓದಿ. ನಮ್ಮ ಐಸಿಯುನಲ್ಲಿ ಒಂದು ಪದ್ಧತಿಯಿದೆ. ನರ್ಸುಗಳು ಗಂಟೆಗೊಮ್ಮೆ ರೋಗಿಯ ಬಗ್ಗೆ ಬರೆಯುವ ಟಿಪ್ಪಣಿಯನ್ನು ಮೊದಲು ಪೆನ್ಸಿಲಿನಲ್ಲಿ ಬರೆಯುತ್ತೇವೆ. ದೊಡ್ಡ ಡಾಕ್ಟರು ರೌಂಡ್ಸ್ ಮುಗಿಸಿದ ಮೇಲೆ ಅದರ ಮೇಲೆ ಪೆನ್ನು ಓಡಿಸುತ್ತೇವೆ. ಯಾವ ನಿಯಮದ ಪುಸ್ತಕದಲ್ಲೂ ಇದಿಲ್ಲ. ಪುಟ ಚೊಕ್ಕಟವಾಗಿರಲಿ ಎಂದು ಯಾವ ಕಾಲದಲ್ಲೋ ಯಾರೋ ಶುರು ಮಾಡಿದ್ದು. ಪೆನ್ಸಿಲಿಗೂ ಪೆನ್ನಿಗೂ ನಡುವೆ ಇನ್‌ಚಾರ್ಜ್ ಸಿಸ್ಟರ್ ಮೇಜಿನ ಮೇಲೊಂದು ರಬ್ಬರು ಇರುತ್ತದೆ. ಹದಿನಾಲ್ಕು ವರ್ಷ ನಾನೂ ತಲೆ ತಗ್ಗಿಸಿ ಹಾಗೆಯೇ ಬರೆದೆ. ಯಾರನ್ನೂ ಬೈಯುವ ಮೊದಲು ಇದನ್ನು ಹೇಳಿಬಿಡಬೇಕು.

ಹೋದ ತಿಂಗಳು ಏಳನೇ ಹಾಸಿಗೆಗೆ ಒಬ್ಬ ಈಜು ಮೇಷ್ಟ್ರು ಬಂದರು. ನಲವತ್ತು ವರ್ಷ ಊರಿನ ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸಿದವರು. ಶ್ವಾಸಕೋಶ ಪೂರ್ತಿ ಹಾಳಾಗಿತ್ತು. ಮೂರು ವಾರ ಗಂಟಲಿಗೆ ಪೈಪು ಹಾಕಿ ಯಂತ್ರದಲ್ಲಿ ಉಸಿರಾಡಿಸಿದೆವು. ಒಂದು ಬುಧವಾರ ಬೆಳಿಗ್ಗೆ ಪೈಪು ತೆಗೆದರು. ನಾನು ಬಾಯಿ ಒರೆಸುತ್ತಿದ್ದಾಗ ನನ್ನ ಮಣಿಕಟ್ಟು ಹಿಡಿದುಕೊಂಡರು. ಹೆಸರು ಕೇಳಿದೆ, ಹೇಳಿದರು. ಇವತ್ತು ಯಾವ ವಾರ ಎಂದೆ, ಬುಧವಾರ ಎಂದರು. ಆಮೇಲೆ ಗೊಗ್ಗರು ದನಿಯಲ್ಲಿ, ಒಂದೊಂದೇ ಮಾತಾಗಿ, "ಮತ್ತೆ ಆ ಪೈಪ್ ಹಾಕ್ಬೇಡಿ ತಾಯಿ. ಆಗೋದು ಆಗ್ಲಿ. ಎಚ್ಚರದಲ್ಲೇ ಹೇಳಿದ್ರು ಅಂತ ನನ್ ಮಗಳಿಗೂ ಹೇಳಿ" ಎಂದರು. ಬರೆದುಕೊಂಡೆ, ಪೆನ್ಸಿಲಿನಲ್ಲಿ. ದೊಡ್ಡ ಡಾಕ್ಟರಿಗೂ ಹೇಳಿದೆ. "ಆಕ್ಸಿಜನ್ ಕಡಿಮೆ ಇದ್ದಾಗ ಜನ ಏನೇನೋ ಮಾತಾಡ್ತಾರೆ, ಅದನ್ನೆಲ್ಲ ಬರೀತಾ ಕೂತ್ರೆ ಆಗುತ್ತಾ" ಎಂದು ಮುಂದಿನ ಹಾಸಿಗೆಗೆ ನಡೆದರು. ಅವರು ಕೆಟ್ಟವರಲ್ಲ ಅತ್ತೆ. ಉಳಿಸಿಯೇ ತೀರುತ್ತೇನೆ ಎಂಬ ಹಟದಲ್ಲಿ ಅವರಿಗೆ ಮನುಷ್ಯರ ಮಾತು ಕಿವಿಗೆ ಬೀಳುವುದಿಲ್ಲ, ಅಷ್ಟೇ.

ಅದೇ ಮಧ್ಯಾಹ್ನ ಎರಡು ಗಂಟೆಗೆ ಮೇಷ್ಟ್ರ ಉಸಿರು ಕೆಟ್ಟಿತು. ಪೈಪಿನ ಟ್ರೇ ತಂದವಳು ನಾನೇ. ಪೈಪನ್ನು ಡಾಕ್ಟರ ಕೈಗೆ ಕೊಟ್ಟವಳೂ ನಾನೇ. ಬೇಡ ಎಂದಿದ್ದಾರೆ ಎಂದು ಇನ್ನೊಮ್ಮೆ ಹೇಳಬೇಕಿತ್ತು, ಬಾಯಿಗೆ ಬೀಗ ಬಿದ್ದಿತ್ತು. ನನ್ನ ಕೈ ಎಳ್ಳಷ್ಟೂ ನಡುಗಲಿಲ್ಲ, ಅದನ್ನೇ ನನಗೆ ಇವತ್ತಿಗೂ ಸಹಿಸಲಾಗುತ್ತಿಲ್ಲ. ಮೇಷ್ಟ್ರು ನನ್ನನ್ನೇ ನೋಡುತ್ತಿದ್ದರು. ಎಚ್ಚರವಾದಾಗ ಪೈಪು ಕಿತ್ತುಕೊಳ್ಳಲು ನೋಡಿದರು ಎಂದು ಅವರ ಕೈಗಳನ್ನು ಬಟ್ಟೆಯ ಪಟ್ಟಿಯಿಂದ ಮಂಚಕ್ಕೆ ಕಟ್ಟಿದೆವು, ಒಂದು ಗಂಟು ನನ್ನದು. ಆ ದಿನಗಳಲ್ಲೇ ನೀವು ಫೋನು ಮಾಡಿ "ಯಾಕೆ ದನಿ ಬಿದ್ದಿದೆ" ಎಂದು ಕೇಳಿದ್ದಿರಿ, ನೆಗಡಿ ಎಂದಿದ್ದೆ. ನೆಗಡಿಯಲ್ಲ. ನನಗೆ ನನ್ನ ಮೇಲಿನ ನಂಬಿಕೆಯೇ ಹೊರಟುಹೋಗಿತ್ತು. ಕಣ್ಣು ಮುಚ್ಚಿ ಮಾಡುತ್ತಿದ್ದ ಔಷಧದ ಅಳತೆಯನ್ನು ನಾಲ್ಕು ನಾಲ್ಕು ಸಲ ನೋಡುತ್ತಿದ್ದೆ. ಮನೆಗೆ ಬಂದು ಪುಟ್ಟಿಯ ಮೇಲೆ ಸಿಡುಕುತ್ತಿದ್ದೆ. ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಿದ್ದೆ.

ದೂರದೂರಿನಿಂದ ಮೇಷ್ಟ್ರ ಮಗಳು ಬಂದಿದ್ದಳು. ಮುಂದಿನ ಮಂಗಳವಾರ ರೌಂಡ್ಸಿನಲ್ಲಿ ಎಲ್ಲರೂ ನಿಂತಿದ್ದಾಗ ಅವಳು ಕೇಳಿದಳು: "ಪೈಪ್ ತೆಗೆದಿದ್ರಲ್ಲ, ಆಗ ಅಪ್ಪ ಏನಾದ್ರೂ ಹೇಳಿದ್ರಾ?" ದೊಡ್ಡ ಡಾಕ್ಟರು, "ಮಾತಾಡೋ ಸ್ಥಿತೀಲಿ ಇರ್ಲಿಲ್ಲಮ್ಮ" ಎಂದರು. ನಾನು ಒಂದು ಹೆಜ್ಜೆ ಮುಂದೆ ಬಂದು, "ಹೇಳಿದ್ರು. ನನ್ ಹತ್ರ ಹೇಳಿದ್ರು" ಎಂದೆ. ಮಗಳು ಪುಟ ತೋರಿಸಿ ಎಂದಳು. ತೆಗೆದು ನೋಡಿದರೆ ನನ್ನ ಸಾಲು ಇಲ್ಲ, ರಬ್ಬರು ಉಜ್ಜಿ ಕಾಗದ ಅಲ್ಲಿ ತೆಳ್ಳಗಾಗಿದೆ.

ಆಗ ನನಗೆ ನಿಮ್ಮ ನೆನಪಾಯಿತು ಅತ್ತೆ. ಅಂಗಿ ಕಾರ್ಖಾನೆಯಲ್ಲಿ ನೀವು ಚೆಕಿಂಗ್ ಮಾಡುತ್ತಿದ್ದ ಕಾಲದ ಕತೆ. ಹೊಲಿಗೆ ತಪ್ಪಿದ ಅಂಗಿಗೆ ನೀವು ಚಾಕ್‌ಪೀಸಿನಲ್ಲಿ ಗುರುತು ಹಾಕುವುದು, ಸೂಪರ್‌ವೈಸರ್ ಅದನ್ನು ಒರೆಸಿ ಪೆಟ್ಟಿಗೆಗೆ ತುಂಬುವುದು. ಕೊನೆಗೆ ನೀವು ಸೂಜಿಗೆ ಕೆಂಪು ದಾರ ಪೋಣಿಸಿ ಕಾಲರಿನ ಮೇಲೆ ಗುರುತು ಹೊಲಿಯತೊಡಗಿದಿರಂತೆ. "ಚಾಕ್ ಒರೆಸೋದು ಸುಲಭ. ದಾರ ಬಿಚ್ಬೇಕಾದ್ರೆ ಅವನೇ ಕೂತ್ಕೊಂಡು ಬಿಚ್ಲಿ" ಎಂದು ನಗುತ್ತಾ ಹೇಳುತ್ತಿದ್ದಿರಿ. ಆ ಕತೆಯನ್ನು ನೂರು ಸಲ ಕೇಳಿ ಬೇಜಾರಾಗಿದ್ದ ಸೊಸೆ ಇವಳೇ. ಅಲ್ಲೇ ನಿಂತು, ಎಲ್ಲರ ಎದುರಿಗೆ, ಪೆನ್ನು ತೆಗೆದು ಬರೆದೆ: "ಹೋದ ಬುಧವಾರ ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ರೋಗಿ ಪೂರ್ಣ ಎಚ್ಚರದಲ್ಲಿದ್ದು, ಮತ್ತೆ ಪೈಪು ಹಾಕಬಾರದೆಂದು ತಿಳಿಸಿದರು. ಡಾಕ್ಟರಿಗೆ ಹೇಳಿದ್ದೆ. ಆಗ ಪೆನ್ಸಿಲಿನಲ್ಲಿ ಬರೆದದ್ದು ಅಳಿಸಿಹೋಗಿದೆ. ಇಂದು ಮಂಗಳವಾರ ಮತ್ತೆ ಬರೆಯುತ್ತಿದ್ದೇನೆ." ಕೆಳಗೆ ನನ್ನ ಸಹಿ.

ಎರಡು ದಿನ ಯೋಚಿಸಿ ಮಗಳು ಪೈಪು ತೆಗೆಸಿದಳು. ಗಂಟುಗಳನ್ನು ನಾನು ಬಿಚ್ಚಲು ಹೋದರೆ, ಬೇಡ ಎಂದು ತಾನೇ ಬಿಚ್ಚಿದಳು. ಮೇಷ್ಟ್ರು ಸಂಜೆಯವರೆಗೆ ಇದ್ದರು. ಎರಡು ಚಮಚ ಟೀ ಕುಡಿದರು, ಕೊಳದ ನೀರು ಬದಲಾಯಿಸಿದರೇ ಎಂದು ವಿಚಾರಿಸಿದರು, ಮಗಳ ಕೈಯಲ್ಲಿ ತಲೆ ಬಾಚಿಸಿಕೊಂಡರು. ನನ್ನನ್ನು ನೋಡಿ ಒಮ್ಮೆ ತಲೆಯಾಡಿಸಿದರು. ಅದು ಕ್ಷಮೆಯೋ ಬೈಗುಳವೋ ನನಗೆ ಗೊತ್ತಾಗಲಿಲ್ಲ. ಬೈಗುಳವಾಗಿದ್ದರೂ ನ್ಯಾಯವೇ.

ಈಗ ಸಮಿತಿಯ ವಿಷಯ. ಇನ್‌ಚಾರ್ಜ್ ಸಿಸ್ಟರ್ ಸ್ಟೋರ್ ರೂಮಿಗೆ ಕರೆದು ಟೈಪು ಮಾಡಿದ ಒಂದು ಕಾಗದ ಕೊಟ್ಟರು. ಕೆಲಸದ ಒತ್ತಡದಲ್ಲಿ ನೆನಪು ತಪ್ಪಿ ಬರೆದೆ, ಕ್ಷಮಿಸಿ ಎಂದು ಅದರಲ್ಲಿದೆ. ಸಹಿ ಹಾಕಿದರೆ ಎಲ್ಲ ಮುಗಿಯಿತು, ಇಲ್ಲದಿದ್ದರೆ ಐಸಿಯುನಿಂದ ತೆಗೆದು ಬಟ್ಟೆ ಎಣಿಸುವ ಕೋಣೆಗೆ ಹಾಕುತ್ತಾರೆ, ಕೆಲಸವೇ ಹೋದರೂ ಹೋಯಿತು. "ನನ್ನ ರಿಟೈರ್‌ಮೆಂಟಿಗೆ ಎರಡೇ ವರ್ಷ ಇದೆ ಕಣೇ" ಎಂದು ಕಣ್ಣೊರೆಸಿಕೊಂಡರು. ಅವರ ಮೇಲೆ ಕನಿಕರವಿದೆ. ಸಹಿ ಮಾತ್ರ ಇಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿ ಬಂದೆ. ನನ್ನ ನೆನಪು ನೆಟ್ಟಗಿದೆ. ತಪ್ಪಿದ್ದು ಅದಲ್ಲ, ಆ ಮಧ್ಯಾಹ್ನ ಸುಮ್ಮನಿದ್ದದ್ದು ತಪ್ಪು. ಅದಕ್ಕೆ ಬೇಕಾದರೆ ಶಿಕ್ಷೆ ಕೊಡಲಿ, ತಲೆ ಬಾಗಿಸಿ ತೆಗೆದುಕೊಳ್ಳುತ್ತೇನೆ. ಬರೆದದ್ದಕ್ಕೆ ಕೊಟ್ಟರೆ ಅವರ ಮೇಜಿನ ಎದುರಿಗೇ ಕಾರಣ ಕೇಳುತ್ತೇನೆ. ನಿಮ್ಮ ಮಗ ಮೊದಲು "ಒಂದು ಸಹಿ ತಾನೆ" ಎಂದರು, ಎರಡು ದಿನ ಅವರ ಹತ್ತಿರ ಮಾತು ಬಿಟ್ಟೆ. ಇವತ್ತು ಬೆಳಿಗ್ಗೆ ನನ್ನ ಡ್ಯೂಟಿ ಶೂಗಳಿಗೆ ಪಾಲಿಶ್ ಹಾಕಿ ಬಾಗಿಲ ಬಳಿ ಇಟ್ಟಿದ್ದಾರೆ. ಇನ್ನೊಂದು ಸುದ್ದಿ, ಇದು ನಿಮಗೆ ಖುಷಿಯಾಗುವಂಥದ್ದು. ವಾರ್ಡಿನ ಐವರು ನರ್ಸುಗಳು ಪೆನ್ಸಿಲ್ ಬಿಟ್ಟಿದ್ದಾರೆ. ಎಲ್ಲರಿಗಿಂತ ಚಿಕ್ಕವಳು, ಇಂಜೆಕ್ಷನ್ ಕೊಡುವಾಗ ರೋಗಿಗಿಂತ ಹೆಚ್ಚು ಹೆದರುವವಳು, ಇನ್‌ಚಾರ್ಜ್ ಸಿಸ್ಟರ್ ನೋಡುತ್ತಿದ್ದಂತೆಯೇ ತನ್ನ ಪೆನ್ಸಿಲನ್ನು ಕಸದ ಡಬ್ಬಿಗೆ ಹಾಕಿದಳು.

ಅಲ್ಲಿ ಎಲ್ಲರನ್ನೂ ಕೇಳಿದೆನೆಂದು ಹೇಳಿ. ಮೊಮ್ಮಗನನ್ನು ಎತ್ತಿಕೊಂಡು ಓಡಾಡಬೇಡಿ, ಕೂತುಕೊಂಡೇ ಮುದ್ದು ಮಾಡಿ. ನಾಳೆ ಹನ್ನೊಂದು ಗಂಟೆಗೆ ನನ್ನನ್ನು ಒಂದು ಗಳಿಗೆ ನೆನೆದು ಹರಸಿ, ನಿಮ್ಮ ಕೆಂಪು ದಾರದ ಕೈಯಿಂದ.

ನಿಮ್ಮ ಕಾಲಿಗೆ ನಮಸ್ಕರಿಸುವ,
ಬಾಯಿ ಜೋರಾಗಿರುವ ನಿಮ್ಮ ಸೊಸೆ

ತಾ.ಕ.: ಸಂಜೆ ಬಸ್ಸಿಗೆ ನಿಮ್ಮ ಕಡೆ ಬರುವವರ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ, ಅವರು ಹೊರಡುವ ಹೊತ್ತಾಯಿತು, ಬೇಗ ಬರೆಯುತ್ತೇನೆ. ಇದನ್ನು ಮರೆತಿರಲಿಲ್ಲ, ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡೆ. ಇಪ್ಪತ್ತನೇ ತಾರೀಕಿಗೆ ರಜೆ ಕೇಳಿದ್ದೆ, ವಿಚಾರಣೆ ಮುಗಿಯುವವರೆಗೆ ಇಲ್ಲ ಎಂದರು. ಹಾಗಾಗಿ ನಿಮ್ಮ ಹಾಸಿಗೆಯ ಪಕ್ಕ ನಾನಿರುವುದಿಲ್ಲ, ನನಗೆ ಗೊತ್ತಿಲ್ಲದ ಒಬ್ಬಳು ನರ್ಸ್ ಇರುತ್ತಾಳೆ. ಆಪರೇಷನ್ನಿಗೆ ಹೋಗುವ ಮೊದಲು ಅವಳನ್ನು ಕೂರಿಸಿಕೊಂಡು, ಆಮೇಲೆ ನಿಮಗೆ ಏನು ಮಾಡಬೇಕು, ಏನು ಮಾಡಬಾರದು, ಎಲ್ಲಿಯವರೆಗೆ ಸಾಕು, ಎಲ್ಲ ಹೇಳಿ. ಅವಳು ಬರೆಯುವುದನ್ನು ಕಣ್ಣಾರೆ ನೋಡಿ. ಲಕೋಟೆಯಲ್ಲಿ ಒಂದು ಪೆನ್ನು ಇಟ್ಟಿದ್ದೇನೆ, ಅವಳ ಕೈಗೆ ಅದನ್ನೇ ಕೊಡಿ. ಅವಳು ಬರೆದದ್ದರ ಒಂದು ಪ್ರತಿ ನನಗೆ ಕಳಿಸಿ. ನನಗೆ ನೀವು ಬೇಕು ಅತ್ತೆ, ಇನ್ನೂ ಇಪ್ಪತ್ತು ವರ್ಷ ಬೇಕು. ಆದರೂ ನೀವು ಏನೇ ಬರೆಸಿರಿ, ಅದು ನನಗೆ ಒಂದಿಷ್ಟೂ ಇಷ್ಟವಾಗದಿದ್ದರೂ ಸರಿ, ನಿಮ್ಮ ಮಗನ ಎದುರು ನಿಂತು ಅದನ್ನು ಗಟ್ಟಿಯಾಗಿ ಓದುವವಳು ನಾನೇ.