ದಿಂಬು ಹಿಡಿಸದ ಜಾರುಬಂಡಿ

೯ ಜನವರಿ, ಮಂಗಳವಾರ
ಮೈನಸ್ ಇಪ್ಪತ್ತೆರಡು. ರಾತ್ರಿ ಕಾರಿನ ಎಂಜಿನ್ ಬೆಚ್ಚಗಿಡುವ ಹೀಟರ್ ವೈರ್ ಚುಚ್ಚಲು ಮರೆತಿದ್ದೆ, ಬೆಳಿಗ್ಗೆ ಪೇಚಾಟ. ಆದರೂ ಸುನ್ನಿವಾಳನ್ನು ಹೊತ್ತಿಗೆ ಸರಿಯಾಗಿ ಕ್ಲಿನಿಕ್ಕಿಗೆ ತಲುಪಿಸಿದೆ. ಇಪ್ಪತ್ತೆಂಟರ ಮಗಳು. ಕಾರಿನಿಂದ ಇಳಿಯುವಾಗ ಬಾಗಿಲು ಹಿಡಿದು, ಎರಡು ಕಾಲೂ ಜೋಡಿಸಿ ಹೊರಗಿಡುತ್ತಾಳೆ — ನನ್ನ ಅಮ್ಮ ಎಂಬತ್ತರಲ್ಲಿ ಇಳಿದ ಹಾಗೆ. ಶಿಶುವಿಹಾರದ ಕೆಲಸ, ದಿನವಿಡೀ ನೆಲದ ಮೇಲೆ ಕೂರಬೇಕು. ಈಗ ಸಿಕ್ ಲೀವ್ ಹಾಕಿ ಟ್ರೊಂಡ್‌ಹೈಮಿನಿಂದ ಅಪ್ಪನ ಮನೆಗೆ, ನನ್ನ ಹತ್ತಿರ ಬಂದಿದ್ದಾಳೆ.

ಸೊಂಟದ ಕೀಲಿನ ಗುಳಿ ಆಳ ಸಾಲದಂತೆ. ಸರ್ಜನ್ ಹೇಳಿದ್ದು: ಏಪ್ರಿಲ್‌ವರೆಗೆ ಫಿಸಿಯೋ. ಆಗಲೂ ನೋವು ಹೋಗದಿದ್ದರೆ ಮೂಳೆ ಕತ್ತರಿಸಿ ತಿರುಗಿಸುವುದು.

ಫಿಸಿಯೋ ಮಾರೀಕೆ ಡಚ್ ಹೆಂಗಸು. ನಮ್ಮ ಭಾಷೆ ಕಲಿತು ಎರಡೇ ವರ್ಷ, ತಡವರಿಸಿದರೆ ಇಂಗ್ಲಿಷಿಗೆ ಹಾರುತ್ತಾಳೆ. "ಮಗು ಇದ್ದಾಗ ಕೀಲು ಗುಳಿಯಲ್ಲಿ ಸರಿ ಕೂರಲಿ ಅಂತ ಕಾಲು ಅಗಲಿಸೋ ದಿಂಬು ಕಟ್ಟಿದ್ರಲ್ಲ? ಎಷ್ಟು ತಿಂಗಳು?"

"ಆರು," ಎಂದೆ.

"ಇಡೀ... ಫುಲ್ ಟೈಮ್?"

"ಎಸ್. ಆಲ್ವೇಸ್ ಫುಲ್ ಟೈಮ್."

ಸುನ್ನಿವಾ ನಕ್ಕಳು. "ನಮ್ಮಮ್ಮ ಇದ್ದ ಮನೇಲಿ ದಿಂಬು ಬಿಚ್ಚೋ ಧೈರ್ಯ ಯಾರಿಗಿತ್ತು!"

ನಲವತ್ತು ವರ್ಷದ ಹಿಂದೆ ಟೀಚರ್ಸ್ ಕಾಲೇಜಿನಲ್ಲಿ ಕಲಿತ ಇಂಗ್ಲಿಷ್. ಎಲ್ಲ ಮರೆತಿದೆ. ಸುಳ್ಳು ಹೇಳುವಷ್ಟು ಮಾತ್ರ ಉಳಿದಿದೆ.

೧೦ ಜನವರಿ
ಬರೆದುಬಿಡುತ್ತೇನೆ. ಯಾರು ಓದುತ್ತಾರೆ.

೧೯೯೬ರ ಮಾರ್ಚ್. ಅಪ್ಪಂದಿರಿಗೆ ನಾಲ್ಕು ವಾರ ರಜೆ ಎಂಬ ಕಾನೂನು ಬಂದು ಮೂರನೇ ವರ್ಷ. ಹೆಂಡತಿ ಯೋರುನ್ ಲೈಬ್ರರಿ ಕೆಲಸಕ್ಕೆ ಮರಳಿದಳು. ಐದು ತಿಂಗಳ ಮಗು, ನಾನು, ಹೊರಗೆ ಬಿಸಿಲು, ಗಟ್ಟಿ ಹಿಮ... ಆ ಹಿಮ ನೋಡಿಕೊಂಡು ಮನೆಯೊಳಗೆ ಕೂರುವುದೆಂದರೆ ನಮ್ಮ ಊರಿನಲ್ಲಿ ಪಾಪ. ಮಗುವನ್ನು ಮಲಗಿಸಿ ಸ್ಕೀ ಹಿಂದೆ ಎಳೆಯುವ ಜಾರುಬಂಡಿ ತಂದಿದ್ದೆ. ಒಳಗೆ ಇಕ್ಕಟ್ಟು. ದಿಂಬು ಕಟ್ಟಿದ ಮಗು ಕಪ್ಪೆಯಂತೆ ಕಾಲು ಅಗಲಿಸಿಕೊಂಡು — ಹಿಡಿಸಲಿಲ್ಲ.

ದಿಂಬು ಬಿಚ್ಚಿದೆ. ಶೆಡ್ಡಿನ ಮೊಳೆಗೆ ನೇತುಹಾಕಿದೆ. ಮೊದಲ ದಿನ ಒಂದು ಗಂಟೆ. ಆಮೇಲೆ ಮೂರು, ನಾಲ್ಕು. ಕಾಲು ನೀಟಾಗಿ ಚಾಚಿ, ಬಿಗಿಯಾಗಿ ಸುತ್ತಿ ಮಲಗಿಸುತ್ತಿದ್ದೆ. ಹಾಗೆ ಸುತ್ತಲೇಬಾರದು ಎಂದು ನರ್ಸ್ ಹೇಳಿದ್ದಳು. ಯೋರುನ್ ಬರುವ ಮೊದಲು ಮತ್ತೆ ದಿಂಬು ಕಟ್ಟುತ್ತಿದ್ದೆ. ಫ್ರಿಜ್ಜಿನ ಮೇಲೆ ಅವಳು ಅಂಟಿಸಿದ್ದ ಹಾಳೆ — ದಿಂಬು ದಿನಕ್ಕೆ ಎಷ್ಟು ಗಂಟೆ. ಬರೆದೆ: ೨೩. ಸ್ನಾನಕ್ಕೆ ಒಂದು ಗಂಟೆ ಬಿಟ್ಟು. ನಾಲ್ಕು ವಾರವೂ ೨೩.

ದಾರಿಯಲ್ಲಿ ಸಿಕ್ಕವರೆಲ್ಲ ಎಂಥಾ ಒಳ್ಳೆ ಅಪ್ಪ ಎಂದರು. ಉಬ್ಬಿದೆ.

ಯೋರುನ್‌ಳ ಚಿಕ್ಕಮ್ಮ ಕುಂಟುತ್ತಿದ್ದಳು. "ನನ್ನ ಕಡೆಯಿಂದಲೇ ಬಂದದ್ದು" ಎನ್ನುತ್ತಿದ್ದಳು ಯೋರುನ್. ಮೂರು ವರ್ಷದ ಹಿಂದೆ, ತೀರಿಕೊಳ್ಳುವ ಮುಂಚಿನ ಕೊನೆಯ ವಾರ, ಆಸ್ಪತ್ರೆಯಲ್ಲೂ ಅಂದಳು. ಅವಳ ಹೊದಿಕೆ ಸರಿಪಡಿಸಿದೆ.

೩೦ ಜನವರಿ
ವ್ಯಾಯಾಮ ದಿನಾ ಎರಡು ಹೊತ್ತು. ಅಂಗಾತ ಮಲಗಿ ಸೊಂಟ ಎತ್ತುವುದು. ಪಕ್ಕಕ್ಕೆ ಮಲಗಿ ಕಾಲು ಎತ್ತುವುದು. ಮೊಣಕಾಲಿಗೆ ರಬ್ಬರ್ ಪಟ್ಟಿ ಹಾಕಿ ಏಡಿಯಂತೆ ಅಡ್ಡಡ್ಡ ನಡೆಯುವುದು. ಇಷ್ಟು ದಿನ ಸುನ್ನಿವಾ ಸೊಂಟ ಬಿಗಿಯಾಗಿದೆ ಎಂದು ಯೂಟ್ಯೂಬ್ ನೋಡಿ ಕಾಲು ಎಳೆದೆಳೆದು ಬಗ್ಗಿಸುತ್ತಿದ್ದಳಂತೆ. ಮಾರೀಕೆ ಬೈದಳು — "ನಿನ್ನ ಕೀಲು ಬಿಗಿಯಾಗಿಲ್ಲ, ಸಡಿಲ. ಎಳೀಬೇಡ. ಸುತ್ತಲಿನ ಸ್ನಾಯು ಗಟ್ಟಿ ಮಾಡು, ಗುಳಿ ಮಾಡದ ಕೆಲಸ ಅದು ಮಾಡುತ್ತೆ."

ಎಣಿಸುವುದು ನನ್ನ ಕೆಲಸ. ಹನ್ನೆರಡರಂತೆ ಮೂರು ಸುತ್ತು. ಜೊತೆಗೆ ನಾನೂ ಪಟ್ಟಿ ಹಾಕಿಕೊಂಡು ನಡೆದೆ.

"ಅಪ್ಪಾ, ನೀನು ಏಡಿ ಅಲ್ಲ. ಬೇಯಿಸಿದ ಸೀಗಡಿ."

ನಗು ಬಂತು. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

೧೩ ಫೆಬ್ರವರಿ
ಹಳೆಯ ಡಬ್ಬದಲ್ಲಿ ಫ್ರಿಜ್ಜಿನ ಆ ಹಾಳೆ ಸಿಕ್ಕಿಬಿಟ್ಟಿತು ಅವಳಿಗೆ. ಯೋರುನ್ ಏನನ್ನೂ ಎಸೆದವಳಲ್ಲ.

"ನೋಡು, ಇಲ್ಲಿಂದ ನಿನ್ನ ಅಕ್ಷರ! ಇಪ್ಪತ್ಮೂರು, ಇಪ್ಪತ್ಮೂರು... ಅಮ್ಮನಾದ್ರೂ ಒಂದಿನ ಇಪ್ಪತ್ತೆರಡು ಬರ್ದಿದಾಳೆ. ನೀನು ಅಮ್ಮಂಗಿಂತ ಸ್ಟ್ರಿಕ್ಟು." ನನ್ನ ಬೋಳುತಲೆಗೆ ಮುತ್ತಿಟ್ಟಳು. ಹಾಳೆ ಮಡಿಸುತ್ತ, "ನೀವಿಬ್ರೂ ಇಷ್ಟು ಮಾಡಿಯೂ ಹೀಗಾಯ್ತು ಅಂದ್ರೆ ರಕ್ತದಲ್ಲೇ ಇದೆ. ನಂಗೆ ಮಗು ಬೇಡಪ್ಪಾ. ಇದನ್ನ ಇನ್ನೊಬ್ಬರಿಗೆ ದಾಟಿಸಲ್ಲ."

ಬಾಯಿ ತೆರೆದೆ. "ಕಾಫಿ ಮಾಡ್ಲಾ?" ಎಂದೆ.

೧೬ ಫೆಬ್ರವರಿ
ಒಬ್ಬನೇ ಮಾರೀಕೆಯ ಹತ್ತಿರ ಹೋದೆ. ಎಲ್ಲ ಹೇಳಿದೆ. ಮುಖ ನೋಡಿ ಹೇಳಲಾಗಲಿಲ್ಲ — ಗೋಡೆಯ ಮೇಲಿನ ಅಸ್ಥಿಪಂಜರದ ಚಿತ್ರ ನೋಡುತ್ತ ಹೇಳಿದೆ.

"ಅದರಿಂದಲೇ ಹೀಗಾಯ್ತಾ ಅಂತ ಯಾರೂ ಹೇಳೋಕಾಗಲ್ಲ," ಎಂದಳು. "ಆಗಿರಬಹುದು. ಆಗದೇನೂ ಇರಬಹುದು."

ಕೈ ಮುಗಿಯುವುದೊಂದು ಬಾಕಿ, ಅಷ್ಟು ಸಲ ಥ್ಯಾಂಕ್ಸ್ ಹೇಳಿ ಎದ್ದೆ. ಮೈ ಹಗುರಾಗಿತ್ತು.

"ನಿಲ್ಲಿ. ನೀವು ನನ್ನ ಹತ್ರ ಹೇಳಿದ್ರಿ. ಆದ್ರೆ ಆ ಸೊಂಟ ನಂದಲ್ಲ."

೫ ಮಾರ್ಚ್
ಕಂಬಿ ಹಿಡಿಯದೆ ಮೆಟ್ಟಿಲು ಹತ್ತಿದಳು! ಎಡಮಗ್ಗುಲಿಗೆ ಮಲಗಿ ನಿದ್ದೆ ಮಾಡಿದಳಂತೆ, ಒಂದೂವರೆ ವರ್ಷದ ಮೇಲೆ. ಹೀಗೇ ಹೋದರೆ ಆಪರೇಷನ್ ಬೇಡ ಎನ್ನಬಹುದು.

ವಾಸಿಯಾದರೆ ಹೇಳುವ ಅಗತ್ಯವೇ ಇಲ್ಲವಲ್ಲ... ಈ ಸಾಲು ಬರೆದ ಕೈ ಯಾವುದೋ, ೨೩ ಬರೆದದ್ದೂ ಅದೇ.

೨೮ ಮಾರ್ಚ್, ಈಸ್ಟರ್ ರಜೆ. ಬೆಳಿಗ್ಗೆ ೧೧
ಮಾರೀಕೆ ಒಪ್ಪಿದ್ದಾಳೆ — ಸಮತಟ್ಟು ಜಾಗದಲ್ಲಿ ಇಪ್ಪತ್ತು ನಿಮಿಷ ಸ್ಕೀ. ಸುನ್ನಿವಾ ಚಿಕ್ಕ ಹುಡುಗಿಯಂತೆ ಕುಣಿದಳು. ಕಿತ್ತಳೆಹಣ್ಣು, ಚಾಕೊಲೇಟ್, ಫ್ಲಾಸ್ಕ್ ಒಟ್ಟು ಮಾಡಿದಳು. "ಸಾಮಾನೆಲ್ಲ ಜಾರುಬಂಡಿಗೆ ಹಾಕೋಣ, ನೀನು ಎಳಿ." ನಾನು ಬೇಡ ಎನ್ನುವಷ್ಟರಲ್ಲಿ ಶೆಡ್ಡಿಗೆ ಹೋಗಿದ್ದಳು.

ಬಹಳ ಹೊತ್ತು ಬರಲಿಲ್ಲ. ಹೋಗಿ ನೋಡಿದೆ. ಜಾರುಬಂಡಿ ನೆಲದ ಮೇಲೆ. ಅವಳು ಕೈ ಚಾಚಿ ಅದರ ಅಗಲ ಅಳೆಯುತ್ತಿದ್ದಳು. ಮಾರೀಕೆ ಅವಳಿಗೆ ಆ ದಿಂಬಿನ ಚಿತ್ರ ತೋರಿಸಿದ್ದಳು.

"ಅಪ್ಪಾ, ಮೂವತ್ತು ಸೆಂಟಿಮೀಟರ್ ಇಲ್ವಲ್ಲ ಇದು. ಐದು ತಿಂಗಳಿಗೇ ನನ್ನ ಇದ್ರಲ್ಲಿ ಎಳ್ಕೊಂಡು ಹೋಗ್ತಿದ್ದೆ ಅಂತ ಊರೆಲ್ಲ ಹೇಳುತ್ತಲ್ಲ, ದಿಂಬು ಕಟ್ಕೊಂಡು ನಾನು ಹೇಗೆ ಹಿಡಿಸ್ತಿದ್ದೆ?"

ನಗುತ್ತಲೇ ಕೇಳಿದಳು. ನನ್ನ ಮುಖ ನೋಡಿದಳು. ನಗು ನಿಂತಿತು.

"ವ್ಯಾಯಾಮ ಮುಗ್ಸು, ಹೇಳ್ತೀನಿ" ಎಂದೆ.

೧೧.೪೦
ಅಡುಗೆಮನೆಯಲ್ಲಿದ್ದೇನೆ. ಫ್ರಿಜ್ಜಿನ ಹಾಳೆ ಮೇಜಿನ ಮೇಲೆ ಇಟ್ಟುಕೊಂಡಿದ್ದೇನೆ. ಆಚೆ ಕೋಣೆಯಲ್ಲಿ ಅವಳು ಮೂರನೇ ಸುತ್ತಿನಲ್ಲಿದ್ದಾಳೆ. ಎಣಿಸಲು ನನ್ನನ್ನು ಕರೆಯಲಿಲ್ಲ. ತಾನೇ ಎಣಿಸಿಕೊಳ್ಳುತ್ತಿದ್ದಾಳೆ, ಗಟ್ಟಿಯಾಗಿ.

ಅವಳು ಹನ್ನೆರಡು ಎಣಿಸಿದೊಡನೆ ಎದ್ದು ಹೋಗುತ್ತೇನೆ. ಕಾಫಿ ತೆಗೆದುಕೊಂಡು ಹೋಗುವುದಿಲ್ಲ. ಹಾಳೆ ಮಾತ್ರ.

ಒಂಬತ್ತು.

ಹತ್ತು.

ಹನ್ನೊಂದು —