ಬಂಡ್ಯಾ ಈಗ ಗುರ್ ಅನ್ನುವುದಿಲ್ಲ

ಕೊಲ್ಹಾಪುರ, ಮಂಗಳವಾರ

ಘೋರ್ಪಡೆ ಕಾಕಾ ಅವರಿಗೆ ಸುಲಭಾಳ ನಮಸ್ಕಾರ.

ನೀವು ಕೊಟ್ಟ ತರಬೇತಿ ಫಲಿಸಿದೆ. ನಮ್ಮ ನಾಯಿ ಬಂಡ್ಯಾ ಈಗ ಹಾಲಿನವನನ್ನು ಕಂಡರೆ ಬೊಗಳುವುದಿಲ್ಲ. ನಮ್ಮ ಯಜಮಾನರು ದನಿ ಏರಿಸಿದರೂ ಹಲ್ಲು ತೋರಿಸುವುದಿಲ್ಲ. "ಕೂಗು ಕೇಳಿದ್ರೆ ತಿಂಡಿ ಬಂತು ಅಂತ ಅದಕ್ಕೆ ಅನ್ನಿಸ್ಬೇಕು, ತಾಯಿ" ಎಂದಿದ್ದಿರಲ್ಲ, ಹಾಗೆಯೇ ಅವರು ಕೂಗಿದಾಗಲೆಲ್ಲ ಬೇಯಿಸಿದ ಕೋಳಿಯ ಚೂರು ಕೊಡುತ್ತ ಬಂದೆ.

"ನಾಯಿಗೇ ಬುದ್ಧಿ ಬಂತು ನೋಡು, ನಿಂಗ್ಯಾವಾಗ ಬರುತ್ತೆ?" ಎಂದು ಇವರು ನಕ್ಕರು.

ಕಾಕಾ, ಈ ಒಂದು ಪಾಠವನ್ನು ಅದಕ್ಕೆ ಮರೆಸಲು ಆಗುತ್ತದೆಯೇ? ಹಾಲಿನವನದು ಹಾಗೇ ಇರಲಿ. ಮೊದಲೆಲ್ಲ ಬಂಡ್ಯಾ ನಮ್ಮಿಬ್ಬರ ನಡುವೆ ನಿಂತು ಗುರ್ ಎಂದರೆ ಇವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗುತ್ತಿದ್ದರು. ಈಗ ಒಳಗಿನಿಂದ ಚಿಲಕ ಹಾಕುತ್ತಾರೆ.

ದಯವಿಟ್ಟು ಫೋನ್ ಮಾಡಬೇಡಿ, ಅದು ಇವರ ಹತ್ತಿರ ಇದೆ. ಈ ಕಾಗದವನ್ನು ಹಾಲಿನವನ ಕೈಯಲ್ಲಿ ಕಳಿಸುತ್ತಿದ್ದೇನೆ. ಬಂಡ್ಯಾನ ಉಗುರು ಕತ್ತರಿಸುವ ನೆಪ ಹೇಳಿಕೊಂಡು ಬನ್ನಿ. ಬಂದಾಗ ನನ್ನ ಮುಖ ನೋಡಿ ಏನೂ ಕೇಳಬೇಡಿ. ಬೇಗ ಬನ್ನಿ.

ನಿನ್ನೆ ಇವರು ಕೂಗಾಡುತ್ತ ಬೆಲ್ಟ್ ಬಿಚ್ಚಿದಾಗ ಬಂಡ್ಯಾ ಓಡಿ ಬಂತು. ನನ್ನೆದುರು ಕೂತು, ನನ್ನ ಖಾಲಿ ಕೈಯನ್ನೇ ನೋಡುತ್ತ, ಕೊನೆಯವರೆಗೂ ಬಾಲ ಅಲ್ಲಾಡಿಸುತ್ತಿತ್ತು.

ನಿಮ್ಮ ಮಗಳಂಥವಳು,
ಸುಲಭಾ