ತುಂಬಿದ ಕೆನ್ನೆಯ ಫೋಟೊ

ಇಬಾದಾನ್
ಆಗಸ್ಟ್ ೧೪, ೨೦೨೩

ಮುದ್ದಿನ ಇಬಿದುನ್‌ಗೆ,

ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ನೀನೂ ಅಳಿಯಂದಿರೂ ಚೆನ್ನಾಗಿದ್ದೀರಷ್ಟೆ? ನಿನ್ನ ಕಾಗದ ಬಂದು ತಿಂಗಳಾಯಿತು. ಕೋಪ ಮಾಡ್ಕೋಬೇಡ. ಹೊಲಿಗೆ ಕೆಲಸ ಜಾಸ್ತಿ ಅಂತ ಸುಳ್ಳು ಹೇಳಬಹುದಿತ್ತು. ಬರೆಯೋಕೆ ಕೈ ಏಳಲಿಲ್ಲ, ಅಷ್ಟೇ.

ನಿನ್ನ ಅಮ್ಮನ ಸಮಾಧಿಗೆ ಸಿಮೆಂಟು ಹಾಕಿಸಿದ್ದಾಯಿತು. ಪಕ್ಕದಂಗಡಿಯ ರಿಸಿಯ ಅಮ್ಮ ಬಂದಿದ್ದಳು. ಅವಳ ಬಾಯಿ ಗೊತ್ತಲ್ಲ! "ಅಯ್ಯೋ, ಮಗಳ ಮದುವೇಲಿ ಗುಂಡುಗುಂಡಗಿದ್ಲಲ್ಲೇ ನಿನ್ನ ತಂಗಿ ಅಬೇನಿ, ಎರಡೇ ತಿಂಗಳಿಗೆ ಹೋಗಿಬಿಟ್ಲಾ?" ಅಂದಳು. ಅವತ್ತು ರಾತ್ರಿ ಮಾಡಿದ ಅಮಲಾ ಮುದ್ದೇನ ಹಾಗೇ ಮುಚ್ಚಿಟ್ಟೆ.

"ನನ್ನ ಮದುವೆ ಓಡಾಟವೇ ಅಮ್ಮನ್ನ ಕೊಂದಿತು" ಅಂತ ಬರೆದಿದ್ದೀಯ. ಹಾಗನ್ನಬೇಡ ಕಣೇ, ಕೈ ಮುಗೀತೀನಿ. ಅದಕ್ಕೇ ಮೊನ್ನೆ ಕ್ಯಾನ್ಸರ್ ಡಾಕ್ಟರ್ ಅಕಿಂಬೊ ಹತ್ತಿರ ಮತ್ತೆ ಹೋಗಿದ್ದೆ. ನಿಮ್ಮಮ್ಮನಿಗೆ ಆ ಹೊಸ ಔಷಧಿ ಮೂರು ಸಲ ಏರಿಸಿದಾಗ ಎದೆಯ ಗಡ್ಡೆ ಅರ್ಧಕ್ಕರ್ಧ ಇಳಿದಿತ್ತಲ್ಲ, ಆಮೇಲೆ ಯಾಕೆ ಬೆಳೀತು ಅಂತ ಕೇಳಿದೆ.

ಪುಣ್ಯಾತ್ಮ, ಸಿಡುಕಲಿಲ್ಲ. "ನೋಡಿಯಮ್ಮ, ಆ ಔಷಧಿ ತಾನೇ ಗಡ್ಡೇನ ಕೊಲ್ಲಲ್ಲ. ಮೈಯೊಳಗೆ ಕಾವಲು ಕಾಯೋ ಕಣಗಳಿವೆ. ಅವನ್ನ ಕೆರಳಿಸುತ್ತೆ, ಅವು ಹೋಗಿ ಗಡ್ಡೆ ಮೇಲೆ ಬೀಳ್ತವೆ. ಆದ್ರೆ ಕೆಲವು ಹಾರ್ಮೋನು ಆ ಕಣಗಳನ್ನ ಮಂಕು ಮಾಡಿಬಿಡ್ತವೆ. ಮೈಯಲ್ಲೂ ಹುಟ್ತವೆ, ಗುಳಿಗೇಲೂ ಬರ್ತವೆ."

"ಮದುವೆ ಓಡಾಟದಿಂದ?"

"ಬರೀ ಓಡಾಟಕ್ಕೆ ಹೀಗಾಯ್ತು ಅಂತ ನಾನಂತೂ ಹೇಳಲ್ಲ. ಮುಖ ಊದಿದ್ದು ನೋಡಿಯೇ ಕೇಳಿದ್ನಲ್ಲ, ಬೇರೆ ಗುಳಿಗೆ ಏನಾದ್ರೂ ನುಂಗ್ತಿದ್ದಾರಾ ಅಂತ. ಇಲ್ಲ ಅಂದ್ರಿ."

ಕೇಳಿದೆಯಲ್ಲ? ನಿನ್ನದೇನೂ ತಪ್ಪಿಲ್ಲ. ಹೊತ್ತಿಗೆ ಸರಿಯಾಗಿ ಉಣ್ಣು, ಸುಮ್ಮನೆ ಅಳುತ್ತಾ ಕೂರಬೇಡ.

ನೀನು ಕೇಳಿದ ಮದುವೆ ಫೋಟೊ, ಅಮ್ಮ ನೀಲಿ ಲೇಸ್ ಬಟ್ಟೆಯಲ್ಲಿ ನಗುತ್ತಿರುವುದು, ದೊಡ್ಡದು ಮಾಡಿಸಿ ಇಟ್ಟಿದ್ದೇನೆ. ದೇವರು ನಿಮ್ಮಿಬ್ಬರನ್ನೂ ಚೆನ್ನಾಗಿಟ್ಟಿರಲಿ, ಮನೆ ತುಂಬ ಮಕ್ಕಳಾಗಲಿ.

ನಿನ್ನ ದೊಡ್ಡಮ್ಮ,
ಅರಿನೋಲ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಹರಿದೆ. ಮದುವೆಗೆ ಮನೆಯವರೆಲ್ಲ ಒಂದೇ ಬಟ್ಟೆ ತೊಡಬೇಕಲ್ಲ, ನಿಮ್ಮಮ್ಮನ ಆ ಲೇಸ್ ಬಟ್ಟೆಯನ್ನು ಹಳೇ ಅಳತೆಗೇ ಹೊಲಿದುಬಿಟ್ಟಿದ್ದೆ. ತೊಡಿಸಿದರೆ ಜೋತಾಡಿತು. "ಪಕ್ಕದಲ್ಲಿ ಸ್ವಲ್ಪ ಹಿಡಿದು ಹೊಲಿದುಕೊಡಕ್ಕಾ, ಸಾಕು" ಅಂದಳು ಪಾಪ. "ಬೀಗರ ಮುಂದೆ ಕಡ್ಡಿ ಹಾಗೆ ನಿಲ್ತೀಯಾ? ಜನ ಏನಂದ್ಕೋತಾರೆ?" ಅಂತ ಗದರಿದವಳು ನಾನು. ಮೈ ತುಂಬಿಕೊಳ್ಳಲಿ ಅಂತ ಹುಡುಗಿಯರು ಮಾರ್ಕೆಟ್ಟಿನಲ್ಲಿ ಕೊಂಡು ನುಂಗ್ತಾರಲ್ಲ, ಆ ಗುಳಿಗೆ ತಂದು ಆರು ವಾರ ನನ್ನ ಕೈಯಾರೆ ನುಂಗಿಸಿದೆ. ಡಾಕ್ಟರು ಕೇಳಿದಾಗ ಅವಳು ನನ್ನ ಮುಖ ನೋಡಿದಳು. ಇಲ್ಲ ಅಂದವಳೂ ನಾನೇ.

ಮೊನ್ನೆ ಖಾಲಿ ಡಬ್ಬಿಯನ್ನು ಅವರ ಮೇಜಿನ ಮೇಲಿಟ್ಟೆ. ತಿರುಗಿಸಿ ತಿರುಗಿಸಿ ನೋಡಿದರು. "ಇದೊಂದರಿಂದಲೇ ಅಂತ ಹೇಳಕ್ಕಾಗಲ್ಲಮ್ಮ. ಆದ್ರೆ ಆಗಲೇ ಹೇಳಿದ್ದಿದ್ರೆ ಗುಳಿಗೇನ ಮೆಲ್ಲಗೆ ಬಿಡಿಸಬಹುದಿತ್ತು" ಅಂದರು.

ಫೋಟೊ ಬೇಕೋ ಬೇಡವೋ ಬರೆ. ಮೂವತ್ತು ವರ್ಷದಿಂದ ಹೊಲೀತಿದ್ದೀನಿ ಮಗಳೇ. ಆ ಬಟ್ಟೆಗೆ ಎರಡು ಪಕ್ಕ ಒಂದೊಂದು ಹೊಲಿಗೆ ಹಾಕೋಕೆ ಅರ್ಧ ಗಂಟೆ ಸಾಕಿತ್ತು.